ಧಾರವಾಡ, ಗದಗ ಕಡೆಯ ಗುಡ್ಡ ಹತ್ತಿಳಿಯೋಕೆ ಸೈಕಲ್ಲಿಗೆ ಯಾವ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಹಿಡಿಯುವ) ಡಿಸ್ಕ್ ಬ್ರೇಕ್ ಒಳ್ಳೆಯದು: ಶಿಮಾನೋ, ಸ್ರಾಮ್, ಟೆಕ್ಟ್ರೋ? ಎರಡು ಪಿಸ್ಟನ್ನೋ ನಾಲ್ಕೋ?

ಧಾರವಾಡದವರು ಅಂತ ಬರೆದಿದ್ದೀರಿ. ಆರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಕೂತು ನಾನೂ ರಾತ್ರಿಯೆಲ್ಲ ಇದನ್ನೇ ಹುಡುಕುತ್ತಿದ್ದೆ. ಕೊನೆಗೆ ನನ್ನನ್ನು ಕೆಡವಿದ್ದು ಬ್ರೇಕಿನೊಳಗಿನ ಎಣ್ಣೆ.

ನನ್ನ ಸೈಕಲ್‌ನಲ್ಲಿದ್ದದ್ದು ಶಿಮಾನೋ ಎಂಟಿ200. ಎರಡು ಪಿಸ್ಟನ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಗುಂಡಿಗಳು), 160 ಮಿ.ಮೀ. ಡಿಸ್ಕ್. ಚೆನ್ನಾಗಿಯೇ ಹಿಡಿಯುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಲಿವರ್ ಸ್ವಲ್ಪ ಮೆತ್ತಗಾಯ್ತು. ಗಾಳಿ ಸೇರಿದೆ, ಬ್ಲೀಡ್ ಮಾಡಬೇಕು, ಅಂದರೆ ಎಣ್ಣೆ ತುಂಬಿ ಗಾಳಿ ಹೊರಹಾಕಬೇಕು ಅಂತ ಗೊತ್ತಿತ್ತು. ಆದರೆ ಅದಕ್ಕೆ ಬೇಕಾದ ಮಿನರಲ್ ಆಯಿಲ್ ಊರಲ್ಲಿ ಸಿಗಲಿಲ್ಲ, ತರಿಸಿದರೆ ವಾರ ಹಿಡಿಯುತ್ತೆ ಅಂದರು. ನನಗೆ ಭಾನುವಾರ ಕಪ್ಪತಗುಡ್ಡಕ್ಕೆ ಹೋಗೋದಿತ್ತು. ಮೋಟಾರ್ ಸೈಕಲ್ ಸಾಮಾನಿನ ಅಂಗಡಿಯಿಂದ ಡಾಟ್ 4 ಅನ್ನೋ ಬ್ರೇಕ್ ಆಯಿಲ್ ಬಾಟಲಿ ತಂದೆ. ಬ್ರೇಕ್ ಆಯಿಲ್ ಎಲ್ಲಾ ಒಂದೇ ಅಲ್ವಾ ಅಂದುಕೊಂಡು ಎರಡೂ ಬ್ರೇಕಿಗೆ ತುಂಬಿಬಿಟ್ಟೆ.

ಇದನ್ನು ಬಿಡಿಸಿ ಹೇಳಲೇಬೇಕು. ಡಾಟ್ ಅನ್ನೋದು ಗ್ಲೈಕಾಲ್ ಜಾತಿಯದು, ಮಿನರಲ್ ಆಯಿಲ್ ಬೇರೆಯೇ ಜಾತಿ. ಚಕ್ರದ ಹತ್ತಿರ ಡಿಸ್ಕ್ ಹಿಡಿಯುವ ಕ್ಯಾಲಿಪರ್ ಒಳಗೆ ಪಿಸ್ಟನ್ ಸುತ್ತ ರಬ್ಬರ್ ಸೀಲ್ ಇರುತ್ತೆ. ಪಿಸ್ಟನ್ ಮುಂದೆ ಹೋದಾಗ ಸೀಲ್ ತುಸು ಬಾಗುತ್ತೆ. ಲಿವರ್ ಬಿಟ್ಟ ಕೂಡಲೇ ನೆಟ್ಟಗಾಗಿ ಪಿಸ್ಟನ್ನನ್ನು ವಾಪಸ್ ಎಳೆಯುತ್ತೆ. ಮಿನರಲ್ ಆಯಿಲಿಗೆ ಅಂತ ಮಾಡಿದ ಸೀಲ್ ಡಾಟ್ ಕುಡಿದರೆ ಉಬ್ಬುತ್ತೆ. ಆಮೇಲೆ ಪಿಸ್ಟನ್ ಸಲೀಸಾಗಿ ಹಿಂದೆ ಬರಲ್ಲ. ಲಿವರ್ ಒಳಗಿನ ಸೀಲಿಗೂ ಅದೇ ಗತಿ. ಡಾಟ್ ಬ್ರೇಕಿಗೆ ಮಿನರಲ್ ಹಾಕಿದರೂ ಹೀಗೇ ಕೆಡುತ್ತೆ. ತೊಳೆದು ಹೊಸ ಎಣ್ಣೆ ಹಾಕಿದರೂ ಉಬ್ಬಿದ ಸೀಲ್ ಸರಿಹೋಗಲ್ಲ.

ಮೊದಲ ಭಾನುವಾರ ಏನೂ ಆಗಲಿಲ್ಲ. ಅದರಿಂದಲೇ ನನಗೆ ಧೈರ್ಯ ಬಂತು. ಎರಡನೇ ಭಾನುವಾರ ಡೋಣಿ ಊರಿನ ಕಡೆಯಿಂದ ಹತ್ತುವಾಗಲೇ ಹಿಂದಿನ ಚಕ್ರ ಬಿಗಿ ಅನ್ನಿಸ್ತು. ಎದುರುಗಾಳಿ ಇರಬೇಕು ಅಂತ ಸುಮ್ನೆ ತುಳಿದೆ. ಇಳಿಯುವಾಗ ಒಂದು ತಿರುವಿನಲ್ಲಿ ಹಿಂದಿನ ಲಿವರ್ ಒತ್ತಿ ಬಿಟ್ಟೆ. ಅದು ಹ್ಯಾಂಡಲ್‌ಗೆ ಅಂಟಿಕೊಂಡೇ ಉಳೀತು. ಉಗುರಿನಿಂದ ಎಬ್ಬಿಸಿ ಮತ್ತೆ ಒತ್ತಿದೆ, ಒಳಗೆ ಹಿಡಿತವೇ ಇಲ್ಲ. ಮುಂದಿನದೂ ಅರ್ಧಂಬರ್ಧ. ಬೇರೆ ದಾರಿ ಕಾಣದೆ ಸೈಕಲನ್ನು ಬದಿಯ ಗರಸಿನ ದಿಬ್ಬಕ್ಕೆ ನುಗ್ಗಿಸಿದೆ. ಎಡಗಡೆಯ ಕಾಲರ್ ಬೋನ್ ಮುರೀತು. ಆರು ವಾರ ಕೈ ಕೊರಳಿಗೆ ನೇತುಹಾಕಿಕೊಂಡಿದ್ದೆ. ಅವ್ವ ರೊಟ್ಟಿ ಮುರಿದು ಮುಂದಿಡುತ್ತಿದ್ದಳು.

ಸೈಕಲ್ ಬಿಚ್ಚಿದ ಮೆಕ್ಯಾನಿಕ್ ಕಾಕಾ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿದರು. ಶಿಮಾನೋ ಎಣ್ಣೆ ಕೆಂಪಗಿರುತ್ತೆ, ಇದು ಹಳದಿ. "ಇದಕ್ಕ ಈ ಎಣ್ಣಿ ಯಾರ್ ಹಾಕ್ಯಾರ?" ಅಂದರು. ಲಿವರ್ ಮೇಲೆ ಮಿನರಲ್ ಆಯಿಲ್ ಅಂತ ಬರೆದಿದ್ದನ್ನು ತೋರಿಸಿದರು. ಎರಡೂ ಬ್ರೇಕ್ ಪೂರ್ತಿ ಹೊಸದೇ ಹಾಕಬೇಕಾಯ್ತು. ಡಾಟ್ ಚೆಲ್ಲಿದ ಕಡೆ ಫ್ರೇಮಿನ ಬಣ್ಣವೂ ಎದ್ದಿತ್ತು.

ಹಾಗಾಗಿ ಯಾವ ಕಂಪನಿ, ಎಷ್ಟು ಪಿಸ್ಟನ್ ಅನ್ನೋ ಲೆಕ್ಕವನ್ನೇ ನಾನು ಒಪ್ಪಲ್ಲ. ನಾಲ್ಕು ಪಿಸ್ಟನ್ ಬೇಕಾಗೋದು ಉದ್ದುದ್ದ ಕಡಿದಾದ ಇಳಿಜಾರಿಗೆ, ಭಾರದ ಎಲೆಕ್ಟ್ರಿಕ್ ಸೈಕಲ್ಲಿಗೆ. ನೃಪತುಂಗ ಬೆಟ್ಟ, ಕೆಲಗೇರಿ, ಕಪ್ಪತಗುಡ್ಡಕ್ಕೆ ಎರಡು ಸಾಕು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ರಸ್ತೆ ಬಿಟ್ಟು ಕಾಡೊಳಗೆ ನುಗ್ಗಬೇಡಿ. ಹಿಡಿತ ಸಾಲದು ಅನ್ನಿಸಿದರೆ ಮುಂದಿನ ಚಕ್ರಕ್ಕೆ 180 ಮಿ.ಮೀ. ಡಿಸ್ಕ್ ಹಾಕಿಸಿ. ಮುಂದಿನ ಚಕ್ರ ಹಿಡಿದಿರೋ ನಿಮ್ಮ ಫೋರ್ಕಿಗೆ ಅದು ಕೂರುತ್ತಾ ಅಂತ ಮೊದಲು ಕೇಳಿಕೊಳ್ಳಿ. ಕಡಿಮೆ ಬೆಲೆಯ ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಬರೆದಿದ್ದರೆ ಮೆಟಲ್ ಪ್ಯಾಡ್ ಹಾಕಬೇಡಿ.

ನನ್ನ ಕೇಳಿದರೆ ಮಿನರಲ್ ಆಯಿಲಿನ ಬ್ರೇಕೇ ತಗೊಳ್ಳಿ. ಶಿಮಾನೋ, ಟೆಕ್ಟ್ರೋ ಎರಡೂ ಅದೇ. ಸ್ರಾಮ್‌ನಲ್ಲಿ ಡಿಬಿ8, ಮೇವನ್ ಮಿನರಲ್, ಹಳೆಯ ಮಾದರಿಗಳು ಜಾಸ್ತಿ ಡಾಟ್. ಡಾಟ್ ಗಾಳಿಯ ತೇವ ಹೀರುತ್ತೆ, ಆಗಾಗ ಬದಲಿಸುತ್ತಲೇ ಇರಬೇಕು. ಬ್ರೇಕ್ ತರಿಸುವಾಗಲೇ ಅದರ ಎಣ್ಣೆಯನ್ನೂ ತರಿಸಿಡಿ. ನನ್ನ ಮನೆಯಲ್ಲಿ ಈಗ ಒಂದು ಬಾಟಲಿ ಯಾವಾಗಲೂ ಇರುತ್ತೆ. ಅರ್ಜೆಂಟ್ ಬಿದ್ದರೆ ಇಲ್ಲೇ ಕೇಳಿ, ಬಂದು ಒಯ್ಯಿರಿ.