ಹಿಂದಿರುಗಿಸಿದ ಪುಸ್ತಕದ ದಾಖಲೆ ಎಷ್ಟು ಕಾಲ?

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ನಾನು ಓದಿ ಹಿಂದಿರುಗಿಸಿದ ಪುಸ್ತಕಗಳ ಪಟ್ಟಿಯನ್ನು ವಿಶ್ವವಿದ್ಯಾಲಯದ ಗ್ರಂಥಾಲಯ ಎಷ್ಟು ಕಾಲ ಇಟ್ಟುಕೊಳ್ಳುತ್ತದೆ? ಅದನ್ನು ಅಳಿಸುವಂತೆ ಕೇಳಬಹುದೇ?

ಉತ್ತರ: ಖಂಡಿತ ಕೇಳಬಹುದು, ಕೇಳಲೂಬೇಕು. ಅವಧಿಯನ್ನು ಆಯಾ ಗ್ರಂಥಾಲಯದ ನಿಯಮ ನಿರ್ಧರಿಸುತ್ತದೆ. ಪುಸ್ತಕ ಹೊರಗಿರುವವರೆಗೆ ಅದು ಯಾರ ಬಳಿ ಇದೆ ಎಂಬುದು ಗ್ರಂಥಾಲಯಕ್ಕೆ ಗೊತ್ತಿರಲೇಬೇಕು. ಆದರೆ ಪುಸ್ತಕ ಮರಳಿ ಬಂದು, ದಂಡವೇನಾದರೂ ಇದ್ದರೆ ಅದೂ ಪಾವತಿಯಾದ ಮೇಲೆ, ನಿಮ್ಮ ಹೆಸರನ್ನು ಆ ಪುಸ್ತಕಕ್ಕೆ ಜೋಡಿಸಿಟ್ಟುಕೊಳ್ಳಲು ಸಾಮಾನ್ಯವಾಗಿ ಕಾರಣ ಉಳಿಯುವುದಿಲ್ಲ. ಪುಸ್ತಕದ ಬೇಡಿಕೆಯನ್ನು ಅಳೆಯಲು ಎರವಲಿನ ಸಂಖ್ಯೆ ಸಾಕು, ಓದುಗರ ಹೆಸರು ಬೇಕಿಲ್ಲ. ಹಲವು ಗ್ರಂಥಾಲಯಗಳು ಬಳಸುವ ಕೋಹಾ ತಂತ್ರಾಂಶದಲ್ಲಿ ಹಳೆಯ ಎರವಲು ದಾಖಲೆಗಳಿಂದ ಸದಸ್ಯರ ಗುರುತನ್ನು ತೆಗೆದುಹಾಕುವ ಸೌಲಭ್ಯವಿದೆ. ಗ್ರಂಥಾಲಯ ಅನುಮತಿಸಿದ್ದರೆ, ಈ ಇತಿಹಾಸ ಉಳಿಯಬೇಕೇ ಬೇಡವೇ ಎಂಬುದನ್ನು ಓದುಗರೇ ತಮ್ಮ ಖಾತೆಯಲ್ಲಿ ಆಯ್ದುಕೊಳ್ಳಬಹುದು.

ಎರವಲು ಪಟ್ಟಿಗಿಂತ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇ-ಜರ್ನಲ್‌ಗಳ ಬಳಕೆ. ನೀವು ಕ್ಯಾಂಪಸ್ಸಿನ ಹೊರಗಿನಿಂದ ಲೇಖನವೊಂದನ್ನು ತೆರೆದಾಗ, ನಿಮ್ಮನ್ನು ಪ್ರಕಾಶಕರ ಜಾಲತಾಣಕ್ಕೆ ತಲುಪಿಸುವ ಮಧ್ಯವರ್ತಿ ಕಂಪ್ಯೂಟರಾದ ಪ್ರಾಕ್ಸಿ ಸರ್ವರ್‌ನ ಲಾಗ್‌ನಲ್ಲಿ (ಬಳಕೆಯ ದಾಖಲೆಯಲ್ಲಿ) ನಿಮ್ಮ ಲಾಗಿನ್ ಹೆಸರು, ಐಪಿ ವಿಳಾಸ, ಸಮಯ ಮತ್ತು ಲೇಖನದ ಕೊಂಡಿ ಒಂದೇ ಸಾಲಿನಲ್ಲಿ ದಾಖಲಾಗಬಹುದು. ಪ್ರಕಾಶಕರ ಜಾಲತಾಣದಲ್ಲಿ ಪ್ರತ್ಯೇಕ ಖಾತೆ ತೆರೆದರಂತೂ ಆ ಮಾಹಿತಿ ಅವರ ಕೈಸೇರುತ್ತದೆ. ಓದುಗರ ಖಾಸಗಿ ಮಾಹಿತಿಯನ್ನು ಗೋಪ್ಯವಾಗಿಡುವುದು ಗ್ರಂಥಪಾಲಕರ ಹೊಣೆಯೆಂದು ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲೇ ತನ್ನ ನೀತಿಸಂಹಿತೆಯಲ್ಲಿ ಹೇಳಿತ್ತು. ಆ ಹೊಣೆ ಲಾಗ್‌ಗಳಿಗೂ ಸಲ್ಲಬೇಕು. ಆದ್ದರಿಂದ ಗ್ರಂಥಪಾಲಕರಿಗೆ ಬರೆಯುವಾಗ ಲಾಗ್ ಮತ್ತು ಬ್ಯಾಕಪ್ ಪ್ರತಿಗಳ ಅವಧಿಯನ್ನೂ ವಿಚಾರಿಸಿ, ಏಕೆಂದರೆ ಮುಖ್ಯ ದತ್ತಸಂಚಯದಿಂದ ಅಳಿಸಿದ ದಾಖಲೆ ಬ್ಯಾಕಪ್‌ನಲ್ಲಿ ಉಳಿದಿರಬಹುದು.