ಪ್ರಾಸ್ಟೇಟ್ ಆಪರೇಷನ್: ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬಹುದೇ?

ಪ್ರಶ್ನೆ: ನನಗೆ 67 ವರ್ಷ. ಪ್ರಾಸ್ಟೇಟ್ 70 ಗ್ರಾಂ ಇದೆ. ಒಂದು ವರ್ಷದಿಂದ ಮಾತ್ರೆ ನುಂಗುತ್ತಿದ್ದರೂ ಮೂತ್ರದ ಧಾರೆ ಸಣ್ಣಗಿದೆ, ರಾತ್ರಿ ನಾಲ್ಕು ಸಲ ಏಳಬೇಕು. ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಆಸ್ಪಿರಿನ್ ನಡೆಯುತ್ತಿದೆ. ಒಬ್ಬ ವೈದ್ಯರು ಟಿಯುಆರ್‌ಪಿ ಅನ್ನುತ್ತಾರೆ, ಇನ್ನೊಬ್ಬರು ಲೇಸರ್ ಅನ್ನುತ್ತಾರೆ. ಅದೇ ದಿನ ಮನೆಗೆ ಹೋಗಲು ಯಾವುದು ಒಳ್ಳೆಯದು?

ಉತ್ತರ: ಅದೇ ದಿನ ಮನೆಗೆ ಹೋಗುವುದನ್ನು ಯಂತ್ರದ ಹೆಸರು ನಿರ್ಧರಿಸುವುದಿಲ್ಲ. ಸಂಜೆಯ ಹೊತ್ತಿಗೆ ಮೂತ್ರ ಎಷ್ಟು ಕೆಂಪಗಿದೆ ಎಂಬುದು ನಿರ್ಧರಿಸುತ್ತದೆ. ಆದ್ದರಿಂದ ವಿಧಾನಗಳನ್ನು ರಕ್ತಸ್ರಾವದ ಲೆಕ್ಕದಲ್ಲಿ ಹೋಲಿಸಿ ನೋಡಿ.

ಟಿಯುಆರ್‌ಪಿಯಲ್ಲಿ ಬಿಸಿ ತಂತಿಯ ಕುಣಿಕೆಯಿಂದ ಗ್ರಂಥಿಯನ್ನು ಒಳಗಿನಿಂದ ಚೂರು ಚೂರಾಗಿ ಹೆರೆಯುತ್ತಾರೆ, ತೆಂಗಿನಕಾಯಿ ತುರಿದ ಹಾಗೆ. ಪ್ರತಿ ಹೆರೆತಕ್ಕೂ ಹೊಸ ರಕ್ತನಾಳ ತೆರೆದುಕೊಳ್ಳುತ್ತದೆ. ಹಳೆಯ ಮೊನೊಪೋಲಾರ್ ಯಂತ್ರದಲ್ಲಿ ತೊಳೆಯಲು ಗ್ಲೈಸಿನ್ ದ್ರಾವಣ ಬೇಕು. ಅದು ರಕ್ತಕ್ಕೆ ಸೇರಿದರೆ ಸೋಡಿಯಂ ಕುಸಿದು ಗೊಂದಲ, ವಾಂತಿ, ಫಿಟ್ಸ್ ಬರಬಹುದು. ಹಾಗಾಗಿ ಹೆರೆಯುವ ಕೆಲಸವನ್ನು ಸುಮಾರು 60 ನಿಮಿಷದೊಳಗೆ ಮುಗಿಸುತ್ತಾರೆ. ಬೈಪೋಲಾರ್ ಯಂತ್ರದಲ್ಲಿ ಸಲೈನ್ ಬಳಸುವುದರಿಂದ ಸೋಡಿಯಂ ಕುಸಿಯುವ ಭಯವಿಲ್ಲ. ಟಿಯುಆರ್‌ಪಿ ಮಾಡಿಸುವುದಾದರೆ ‘ಬೈಪೋಲಾರ್ ತಾನೇ?’ ಎಂದು ಮೊದಲೇ ಕೇಳಿಬಿಡಿ. ಈ ವಿಧಾನ ಸಾಮಾನ್ಯವಾಗಿ 30ರಿಂದ 80 ಗ್ರಾಂವರೆಗಿನ ಗ್ರಂಥಿಗೆ.

ಹೋಲೆಪ್ ಎಂಬ ಹೋಲ್ಮಿಯಂ ಲೇಸರ್ ವಿಧಾನದಲ್ಲಿ ತುರಿಯುವುದಿಲ್ಲ. ಚಿಪ್ಪಿನಿಂದ ಕೊಬ್ಬರಿ ಎಬ್ಬಿಸುವಂತೆ ಬೆಳೆದ ಭಾಗವನ್ನು ಹೊರಕವಚದಿಂದ ಇಡಿಯಾಗಿ ಬಿಡಿಸಿ ಮೂತ್ರಕೋಶಕ್ಕೆ ತಳ್ಳುತ್ತಾರೆ, ಅಲ್ಲಿ ಮಾರ್ಸೆಲೇಟರ್‌ನಿಂದ ಪುಡಿಮಾಡಿ ಹೀರುತ್ತಾರೆ. ರಕ್ತನಾಳಗಳನ್ನು ಬುಡದಲ್ಲೇ ಸುಟ್ಟು ಮುಚ್ಚುವುದರಿಂದ ರಕ್ತಸ್ರಾವ ಕಡಿಮೆ, 150 ಗ್ರಾಂ ಗ್ರಂಥಿಗೂ ನಡೆಯುತ್ತದೆ. ಎಡವುವುದು ಎರಡು ಕಡೆ. ಮೂತ್ರಕೋಶ ಚೆನ್ನಾಗಿ ಉಬ್ಬದಿದ್ದರೆ ಅಥವಾ ರಕ್ತದಿಂದ ನೋಟ ಮಸುಕಾದರೆ ಮಾರ್ಸೆಲೇಟರ್ ಅದರ ಗೋಡೆಯನ್ನೇ ಕಚ್ಚಬಹುದು. ಮತ್ತೆ, ಮೊದಲ ಕೆಲವು ವಾರ ಕೆಮ್ಮಿದಾಗ, ಎದ್ದಾಗ ಮೂತ್ರ ಸೋರಬಹುದು. ಬಹುಪಾಲು ಜನರಿಗೆ ತಿಂಗಳುಗಳಲ್ಲಿ ಇದು ನಿಲ್ಲುತ್ತದೆ. ಕೈ ಕುದುರಲು ಹತ್ತಾರು ಆಪರೇಷನ್ ಬೇಕಾಗುವ ವಿದ್ಯೆ ಇದು. ಲೇಸರ್ ಇದೆಯೇ ಎಂದಲ್ಲ, ‘ನೀವು ಎಷ್ಟು ಮಾಡಿದ್ದೀರಿ’ ಎಂದು ಸಂಕೋಚವಿಲ್ಲದೆ ಕೇಳಿ.

ಗ್ರೀನ್‌ಲೈಟ್ ಲೇಸರ್‌ನ 532 ನ್ಯಾನೋಮೀಟರ್ ಬೆಳಕನ್ನು ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ. ಅಂಗಾಂಶ ಆವಿಯಾಗುತ್ತದೆ, ರಕ್ತನಾಳ ಅಲ್ಲೇ ಮುಚ್ಚಿಕೊಳ್ಳುತ್ತದೆ. ರಕ್ತ ತೆಳುವಾಗಿಸುವ ಔಷಧಿ ನಿಲ್ಲಿಸಲಾಗದವರಿಗೆ ಇದು ದೊಡ್ಡ ವರ. ಆದರೆ ಪರೀಕ್ಷೆಗೆ ಕಳಿಸಲು ಚೂರೂ ಉಳಿಯುವುದಿಲ್ಲ. ಕ್ಯಾನ್ಸರ್ ಅನುಮಾನವನ್ನು ಪಿಎಸ್ಎ ಎಂಬ ರಕ್ತಪರೀಕ್ಷೆ ಮುಂತಾದವುಗಳಿಂದ ಮೊದಲೇ ಬಗೆಹರಿಸಿಕೊಂಡಿರಬೇಕು. ಗ್ರಂಥಿ ಕುಗ್ಗಿಸುವ ಮಾತ್ರೆಗಳಾದ ಫಿನಾಸ್ಟೆರೈಡ್ ಅಥವಾ ಡುಟಾಸ್ಟೆರೈಡ್ ಅನ್ನು ಆರು ತಿಂಗಳಿಗಿಂತ ಹೆಚ್ಚು ನುಂಗಿದ್ದರೆ ಪಿಎಸ್ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಸಂಖ್ಯೆ ನೋಡಿ ಮೋಸಹೋಗಬೇಡಿ.

ನಿಮ್ಮ 70 ಗ್ರಾಂಗೆ, ಅನುಭವಿ ಕೈ ಸಿಕ್ಕರೆ, ನಮ್ಮ ಆಯ್ಕೆ ಹೋಲೆಪ್. ಸಿಗದಿದ್ದರೆ ಗ್ರೀನ್‌ಲೈಟ್. ಬೈಪೋಲಾರ್ ಟಿಯುಆರ್‌ಪಿಯೂ ತಪ್ಪಲ್ಲ, ಆದರೆ ಒಂದು ರಾತ್ರಿ ಉಳಿಯಲು ಸಿದ್ಧರಾಗಿರಿ. ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಇರುವವರಿಗೆ ಸಾಮಾನ್ಯವಾಗಿ ಅದನ್ನು ಮುಂದುವರಿಸಿಯೇ ಆಪರೇಷನ್ ಮಾಡುತ್ತಾರೆ. ರಕ್ತ ತೆಳುವಾಗಿಸುವ ಇನ್ನೊಂದು ಮಾತ್ರೆ ಕ್ಲೋಪಿಡೋಗ್ರೆಲ್ ಕೂಡ ಇದ್ದರೆ ಹೃದಯ ತಜ್ಞರ ಮಾತಿಲ್ಲದೆ ದಿನಾಂಕ ಗೊತ್ತುಮಾಡಬೇಡಿ.

ಇನ್ನೊಂದು ವಿಷಯ. ರಾತ್ರಿ ಏಳುವುದಕ್ಕೆ ಪ್ರಾಸ್ಟೇಟ್ ಒಂದೇ ಕಾರಣವಲ್ಲ. ಮೂರು ದಿನ ಪ್ರತಿ ಸಲದ ಮೂತ್ರವನ್ನು ಅಳೆದು ಸಮಯದೊಂದಿಗೆ ಬರೆದಿಡಿ. ಇಡೀ ದಿನದ ಮೂತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಬರುತ್ತಿದ್ದರೆ, ಕಾಲಿನ ಊತ, ಹೃದಯದ ತೊಂದರೆ, ನಿದ್ರೆಯಲ್ಲಿ ಉಸಿರು ಕಟ್ಟುವುದು ಇವನ್ನು ಮೊದಲು ನೋಡಬೇಕು. ಇಲ್ಲದಿದ್ದರೆ ಧಾರೆ ದಪ್ಪಗಾದರೂ ರಾತ್ರಿಯ ಕಾಟ ತಪ್ಪುವುದಿಲ್ಲ.

ಪ್ರಶ್ನೆ: ವಯಸ್ಸು 54, ಗ್ರಂಥಿ 40 ಗ್ರಾಂ. ಆಪರೇಷನ್ ಆದ ಮೇಲೆ ವೀರ್ಯ ಹೊರಬರುವುದಿಲ್ಲವಂತೆ. ಅದನ್ನು ತಪ್ಪಿಸಬಹುದೇ?

ಉತ್ತರ: ಟಿಯುಆರ್‌ಪಿ, ಹೋಲೆಪ್ ಎರಡರಲ್ಲೂ ಹೆಚ್ಚಿನವರಿಗೆ ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ನಿಮಿರುವಿಕೆಗೆ ಸಾಮಾನ್ಯವಾಗಿ ಧಕ್ಕೆಯಿಲ್ಲ, ಆದರೆ ಮಕ್ಕಳು ಬೇಕೆನ್ನುವವರು ಇದನ್ನು ಮೊದಲೇ ಹೇಳಬೇಕು. ನಿಮ್ಮ ಗ್ರಂಥಿಯ ಗಾತ್ರಕ್ಕೆ, ಇದನ್ನು ಹೆಚ್ಚಾಗಿ ತಪ್ಪಿಸುವ ಎರಡು ದಾರಿಗಳಿವೆ. ಯೂರೋಲಿಫ್ಟ್‌ನಲ್ಲಿ ಏನನ್ನೂ ಕತ್ತರಿಸದೆ, ನಾಲ್ಕೈದು ಸಣ್ಣ ಕೊಂಡಿಗಳಿಂದ ಗ್ರಂಥಿಯ ಎರಡೂ ಪಕ್ಕವನ್ನು ಪರದೆ ಸರಿಸಿದಂತೆ ಎಳೆದು ಕಟ್ಟುತ್ತಾರೆ. ಹಲವರು ಕ್ಯಾಥೆಟರ್ (ಮೂತ್ರ ಹೊರಬರಲು ಹಾಕುವ ನಳಿಕೆ) ಇಲ್ಲದೆಯೇ ಅದೇ ದಿನ ಮನೆ ಸೇರುತ್ತಾರೆ. ರೆಝೂಮ್‌ನಲ್ಲಿ ಗ್ರಂಥಿಗೆ ಸೂಜಿ ಚುಚ್ಚಿ ಪ್ರತಿ ಸಲ 9 ಸೆಕೆಂಡ್ ಹಬೆ ಬಿಡುತ್ತಾರೆ. ಆಪರೇಷನ್ ನಿಮಿಷಗಳದ್ದು, ಆದರೆ ಒಳಗೆ ಊತ ಬರುವುದರಿಂದ ಕ್ಯಾಥೆಟರ್ ಮೂರರಿಂದ ಏಳು ದಿನ ಇರುತ್ತದೆ, ಪೂರ್ತಿ ಫಲ ಕಾಣಲು ಮೂರು ತಿಂಗಳು ಬೇಕು. ಗ್ರಂಥಿಯ ನಡುಹಾಲೆ ಮೂತ್ರಕೋಶದೊಳಗೆ ಚಾಚಿದ್ದರೆ ಕೊಂಡಿಗಿಂತ ಹಬೆ ಒಗ್ಗುತ್ತದೆ. ಎರಡರಲ್ಲೂ ಧಾರೆಯ ಸುಧಾರಣೆ ಹೋಲೆಪ್‌ನಷ್ಟಿಲ್ಲ. ಯೂರೋಲಿಫ್ಟ್ ಆದವರಲ್ಲಿ ಐದು ವರ್ಷದೊಳಗೆ ಏಳರಲ್ಲಿ ಸುಮಾರು ಒಬ್ಬರಿಗೆ ಮತ್ತೆ ಚಿಕಿತ್ಸೆ ಬೇಕಾಗಿದೆ. ಈ ಕೊಡು-ಕೊಳ್ಳುವಿಕೆ ನಿಮಗೆ ಒಪ್ಪಿಗೆಯಾದರೆ ಮಾತ್ರ ಮುಂದುವರಿಯಿರಿ.

ಪ್ರಶ್ನೆ: ತಂದೆಯವರಿಗೆ ಲೇಸರ್ ಆಪರೇಷನ್ ಮಾಡಿ ಅದೇ ಸಂಜೆ ಕ್ಯಾಥೆಟರ್ ಸಮೇತ ಕಳಿಸುತ್ತಾರಂತೆ. ಮನೆಯಲ್ಲಿ ಏನು ನೋಡಬೇಕು?

ಉತ್ತರ: ಕಳಿಸುವ ಮುಂಚೆ ಮೂತ್ರಕೋಶ ತೊಳೆಯುವ ಸಲೈನ್ ನಿಲ್ಲಿಸಿ ಒಂದೆರಡು ಗಂಟೆ ಕಾಯಬೇಕು. ಹನಿಯುತ್ತಿರುವಾಗ ಮೂತ್ರ ತಿಳಿಯಾಗಿರುವುದು ಲೆಕ್ಕಕ್ಕಿಲ್ಲ, ನಿಲ್ಲಿಸಿದ ಮೇಲೂ ತಿಳಿ ಗುಲಾಬಿ ಬಣ್ಣವೇ ಉಳಿಯಬೇಕು. ಅವರು ತಲೆ ಸುತ್ತದೆ ನಡೆಯಬೇಕು. 24 ಗಂಟೆ ಜೊತೆಗೊಬ್ಬರು ಇರಬೇಕು, ಆಸ್ಪತ್ರೆ ಒಂದು ಗಂಟೆಯ ದೂರದೊಳಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ರಾತ್ರಿ ಅಲ್ಲೇ ಉಳಿಯಲಿ.

ಮನೆಯಲ್ಲಿ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ನಳಿಕೆ ಮಡಚಿಕೊಳ್ಳದಿರಲಿ. ಎರಡು ಗಂಟೆ ಹನಿಯೂ ಬಾರದೆ ಹೊಟ್ಟೆಯ ಕೆಳಭಾಗ ಬಿಗಿದರೆ ಹೆಪ್ಪುಗಟ್ಟಿದ ರಕ್ತ ನಳಿಕೆಯನ್ನು ಮುಚ್ಚಿದೆ ಎಂದರ್ಥ. ಬೆಳಗಿನವರೆಗೆ ಕಾಯದೆ ಕರೆದೊಯ್ಯಿರಿ. ಮೂತ್ರ ಟೊಮೆಟೊ ರಸದಂತೆ ಗಟ್ಟಿ ಕೆಂಪಾದರೆ, 38 ಡಿಗ್ರಿ ಮೀರಿ ಜ್ವರ ಅಥವಾ ನಡುಕ ಬಂದರೆ ಆಗಲೂ ಹಾಗೆಯೇ. ಕ್ಯಾಥೆಟರನ್ನು ಸಾಮಾನ್ಯವಾಗಿ ಮರುದಿನ ಅಥವಾ ಅದರ ಮರುದಿನ ಬೆಳಗ್ಗೆ ತೆಗೆಯುತ್ತಾರೆ. ಬೆಳಗ್ಗೆಯೇ ಏಕೆಂದರೆ, ಮೂತ್ರ ಕಟ್ಟಿದರೆ ಮತ್ತೆ ಹಾಕಲು ಹಗಲು ಉಳಿದಿರುತ್ತದೆ.

ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ, ಹತ್ತರಿಂದ ಹದಿನಾಲ್ಕನೇ ದಿನದ ಸುಮಾರಿಗೆ, ಒಳಗಿನ ಹಕ್ಕಳೆ ಉದುರಿ ಮತ್ತೆ ರಕ್ತ ಕಾಣಬಹುದು. ಚೆನ್ನಾಗಿ ನೀರು ಕುಡಿದು ವಿಶ್ರಾಂತಿ ಪಡೆದರೆ ಹೆಚ್ಚಾಗಿ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ನಾಲ್ಕು ವಾರ ಭಾರ ಎತ್ತುವುದು, ಸೈಕಲ್ ತುಳಿಯುವುದು ಬೇಡ. ಮಲಬದ್ಧತೆಗೂ ಔಷಧಿ ಬರೆಸಿಕೊಳ್ಳಿ, ತಿಣುಕಿದಾಗ ಗಾಯ ಬಿಚ್ಚಿಕೊಳ್ಳುತ್ತದೆ.