ಕರಡಿಗೆಗೆ ಒಂದೇ ಕಟ್ಟಳೆ ಸಾಕು

(ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ತಮ್ಮ ಕಾದಂಬರಿಯ ಮೊದಲ ಮೂರು ಅಧ್ಯಾಯ ಕಳಿಸಿದ್ದಾರೆ. ಕೆಳದಿ ನಾಯಕರ ರಾಜಧಾನಿ ಬಿದನೂರು ಹೈದರಾಲಿಯ ಕೈಸೇರಿದ 1763ರ ಮಳೆಗಾಲ. ಕವಲೇದುರ್ಗದಿಂದ ಆರು ಜನ, ಮಾಟ ಮಾಡಿದ ಕಂಚಿನ ಕರಡಿಗೆಯೊಂದನ್ನು (ಮುಚ್ಚಳವಿರುವ ಪುಟ್ಟ ಪೆಟ್ಟಿಗೆ) ಹೊತ್ತು, ಶರಾವತಿಯ ದಂಡೆ ಹಿಡಿದು, ಹೊನ್ನಾವರದ ಸಮುದ್ರಕ್ಕೆ ಎಸೆಯಲು ಹೊರಡುತ್ತಾರೆ. "ಕರಡಿಗೆಗೆ ಇಷ್ಟೆಲ್ಲ ಶಕ್ತಿ ಕೊಟ್ಟರೂ ಓದಿದವರಿಗೆ ಭಯವಾಗುತ್ತಿಲ್ಲ. ಎಲ್ಲಿ ತಪ್ಪಿದೆ?" ಎಂದು ಕೇಳಿದ್ದಾರೆ.)

ಆತ್ಮೀಯರೇ,

ಭಯವಾಗದಿರುವುದಕ್ಕೆ ಆ ಶಕ್ತಿಗಳೇ ಕಾರಣ. ನಿಮ್ಮ ಕರಡಿಗೆ ಮನಸ್ಸು ಓದುತ್ತದೆ, ಮಾಯವಾಗಿಸುತ್ತದೆ, ಬೆಂಕಿ ಉಗುಳುತ್ತದೆ, ಸತ್ತವರನ್ನು ಮಾತಾಡಿಸುತ್ತದೆ. ಏನು ಬೇಕಾದರೂ ಮಾಡಬಲ್ಲ ವಸ್ತು ಮುಂದೇನು ಮಾಡೀತು ಎಂದು ಓದುಗ ಊಹಿಸಲಾರ. ಊಹಿಸಲಾರದ ಮೇಲೆ ಹೆದರುವುದೂ ಇಲ್ಲ.

ಘಟ್ಟದ ಕೆಳಗೆ ಗೋಕರ್ಣದ ಕಥೆಯೇ ಇದೆ, ಅದನ್ನು ಕಥೆಗಾರನ ಕಣ್ಣಿನಿಂದ ನೋಡಿ. ಆತ್ಮಲಿಂಗಕ್ಕೆ ಇದ್ದ ಕಟ್ಟಳೆ ಒಂದೇ: ಲಂಕೆ ಮುಟ್ಟುವವರೆಗೆ ನೆಲಕ್ಕೆ ಇಡಬಾರದು. ರಾವಣನಿಗೂ ಬಿಡಲಾಗದ ನೇಮ ಒಂದಿತ್ತು, ಸಂಧ್ಯಾವಂದನೆ. ಅದಕ್ಕೆ ಎರಡೂ ಕೈ ಖಾಲಿ ಇರಬೇಕು. ವಿಷ್ಣು ಚಕ್ರವನ್ನು ಸೂರ್ಯನಿಗೆ ಅಡ್ಡ ಹಿಡಿದು ಹೊತ್ತಿಗೆ ಮುಂಚೆ ಸಂಜೆ ಮಾಡಿದ, ಅಷ್ಟೇ. ವಟುವಿನ ವೇಷದ ಗಣಪತಿ ಮೂರು ಸಲ ಕೂಗಿ ಲಿಂಗವನ್ನು ಕೆಳಗಿಟ್ಟ. ಅಲ್ಲಿ ಯುದ್ಧವಿಲ್ಲ, ಶಾಪವಿಲ್ಲ. ವಸ್ತುವಿನ ಕಟ್ಟಳೆ ಹೊತ್ತವನ ದಿನಚರಿಗೆ ಅಡ್ಡ ಬಂದದ್ದರಿಂದಲೇ ಇಡೀ ಕಥೆ ಹುಟ್ಟಿತು. ನಿಮ್ಮ ಕರಡಿಗೆಗೂ ಬೇಕಾಗಿರುವುದು ಅಂಥ ಒಂದು ಅಡ್ಡಿ.

ಅದನ್ನು ನೀವೇ ಬರೆದು ಕೈಬಿಟ್ಟಿದ್ದೀರಿ. ಎರಡನೇ ಅಧ್ಯಾಯದ ಕೊನೆಗೆ ಸೂರಿನ ನೀರು ಕರಡಿಗೆಯ ಮೇಲೆ ತೊಟ್ಟಿಕ್ಕುತ್ತದೆ, ಹೊತ್ತಿದ್ದ ಹುಡುಗನಿಗೆ ತಂಗಿಯ ಹೆಸರು ಮರೆತುಹೋಗುತ್ತದೆ. ಹಸ್ತಪ್ರತಿಯಲ್ಲಿ ಮೈ ಜುಂ ಎನ್ನಿಸಿದ ಜಾಗ ಅದೊಂದೇ. ಉಳಿದ ನಾಲ್ಕು ಶಕ್ತಿಗಳನ್ನು ಹೊಡೆದುಹಾಕಿ, ಇದನ್ನು ಇಟ್ಟುಕೊಳ್ಳಿ: ನೀರು ತಾಗಿದಾಗಲೆಲ್ಲ ಹೊತ್ತವನ ನೆನಪಿನಿಂದ ಒಂದು ಹೆಸರು ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಪುನರ್ವಸು ಮಳೆಯಲ್ಲಿ, ಹೊಳೆ ದಂಡೆಯಲ್ಲಿ, ಮಲೆನಾಡಿನಲ್ಲಿ! ಇದಕ್ಕಿಂತ ಕಷ್ಟದ ದಾರಿಯನ್ನು ನೀವು ಹುಡುಕಬೇಕಾಗಿಲ್ಲ.

ಬರೆಯಲು ಕೂರುವ ಮೊದಲು ಕೆಲವನ್ನು ತೀರ್ಮಾನಿಸಿಕೊಳ್ಳಿ. ಬೆವರು ನೀರೋ ಅಲ್ಲವೋ? ಕಣ್ಣೀರು? ಮಂಜು? ಒಂದು ತೊಟ್ಟಿಗೆ ಒಂದು ಹೆಸರೋ, ಕರಡಿಗೆ ಒಂದು ಸಲ ಒದ್ದೆಯಾದರೆ ಒಂದು ಹೆಸರೋ? ಓದುಗ ಇದನ್ನು ಮೂರನೇ ಪುಟದಲ್ಲೇ ಕೇಳುತ್ತಾನೆ. ನಮ್ಮ ಸಲಹೆ: ಬೆವರು ಬೇಡ, ಹತ್ತೇ ಪುಟದಲ್ಲಿ ಹುಡುಗನಿಗೆ ಯಾರ ಹೆಸರೂ ಉಳಿಯುವುದಿಲ್ಲ. ಕಣ್ಣೀರು ಇರಲಿ.

ಇನ್ನು ಕರಡಿಗೆಯನ್ನು ಕಾಪಾಡುವ ಬಗೆ. ಈಗ ಅದನ್ನು "ರೇಷ್ಮೆ ವಸ್ತ್ರದಲ್ಲಿ" ಸುತ್ತಿದ್ದೀರಿ, ಅದು ಒಂದು ಹನಿಯನ್ನೂ ತಡೆಯುವುದಿಲ್ಲ. ಮಲೆನಾಡಿನವನು ಅಡಿಕೆ ಹಾಳೆಯಲ್ಲಿ ಸುತ್ತುತ್ತಾನೆ. ನೆನೆಸಿ ಮೆದು ಮಾಡಿದ ಹಾಳೆಯನ್ನು ಅಳತೆಗೆ ಮಡಚಿ, ಪೂರ್ತಿ ಒಣಗಿಸಿ, ಆಮೇಲೆ ಕರಡಿಗೆ ಇಟ್ಟು, ಅಂಚಿಗೆ ಬಿಸಿ ಜೇನುಮೇಣ ಎಳೆದು, ಬಳ್ಳಿಯಿಂದ ಬಿಗಿಯುತ್ತಾನೆ. ಮೇಲೆ ಮಳೆಗೆ ಹೊದೆಯುವ ಕಂಬಳಿ ಕೊಪ್ಪೆ ಅಥವಾ ಎಲೆಯ ಗೊರಬು. ಇದೂ ಕೆಡುತ್ತದೆ: ಸತತ ಮಳೆಗೆ ಹಾಳೆ ಬೂಸಲು ಹಿಡಿದು ಮೆತ್ತಗಾಗುತ್ತದೆ, ಒಲೆ ಹತ್ತಿರ ಒಣಗಿಸಲು ಹೋದರೆ ಮೇಣ ಕರಗುತ್ತದೆ. ಎರಡರಲ್ಲಿ ಯಾವುದು ಎಂಬ ಪೇಚಿನಲ್ಲೇ ಒಂದು ರಾತ್ರಿಯ ಅಧ್ಯಾಯ ಸಿಗುತ್ತದೆ. ಹಳ್ಳ ದಾಟುವ ಕಾಲುಸಂಕದ ಮೇಲೆ ಉಂಬಳ (ಜಿಗಣೆ) ಹತ್ತಿದ ಕಾಲನ್ನು ಕೆರೆಯಲು ಹುಡುಗ ಬಗ್ಗಿದರೂ ಸಾಕು, ಓದುಗನ ಉಸಿರು ಸಿಕ್ಕಿಕೊಳ್ಳುತ್ತದೆ. ಅಲ್ಲಿ ನೀವು ತಂದಿರುವ ಹಾರುವ ಸರ್ಪದ ಅಗತ್ಯವಿಲ್ಲ.

ದಾರಿಯ ಲೆಕ್ಕವೂ ತಪ್ಪಿದೆ. ಪಯಣಕ್ಕೆ ನಲವತ್ತು ದಿನ ಎಂದಿದ್ದೀರಿ. ಹೊಳೆ ಹುಟ್ಟುವ ಅಂಬುತೀರ್ಥದಿಂದ ಸಮುದ್ರದವರೆಗೆ ಶರಾವತಿಯ ಉದ್ದವೇ ಸುಮಾರು 128 ಕಿಲೋಮೀಟರ್. ಮಳೆಯಲ್ಲಿ ಹೊರೆ ಹೊತ್ತು ದಿನಕ್ಕೆ 12-13 ಕಿಲೋಮೀಟರ್ ನಡೆದರೂ ಹತ್ತು ದಿನ. ಹತ್ತೇ ಇಡಿ, ದಿನಕ್ಕೊಂದು ಅಧ್ಯಾಯವಾಗುತ್ತದೆ. ಆರು ಜನರೂ ಹೆಚ್ಚು. ನಡೆಯುವವನಿಗೆ ದಿನಕ್ಕೆ 600 ಗ್ರಾಂ ಅಕ್ಕಿ ಹಿಡಿದರೆ ಆರು ಜನಕ್ಕೆ 36 ಕಿಲೋ ಬೇಕು, ನಿಮ್ಮವರ ಹತ್ತಿರ ಇರುವುದು ಒಂದು ಸಣ್ಣ ಗಂಟು. ಮೂವರು ಸಾಕು: ಹೊರುವವನು, ದಾರಿ ಬಲ್ಲವಳು, ಯಾವುದೋ ಹೆಸರನ್ನು ಮರೆಯಬೇಕೆಂದೇ ಕರಡಿಗೆಗೆ ಆಸೆಪಡುವವನು. ಈ ಮೂರನೆಯವನನ್ನು ಕೆಟ್ಟವನನ್ನಾಗಿ ಮಾಡಬೇಡಿ. ಮಗುವನ್ನು ಕಳೆದುಕೊಂಡ ಅಪ್ಪನಾದರೆ ಅವನ ಆಸೆ ನಮಗೂ ಅರ್ಥವಾಗುತ್ತದೆ.

ಮೂರನೇ ಅಧ್ಯಾಯದ ಹಿನ್ನೀರನ್ನು ತೆಗೆಯಿರಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಿಮ್ಮವರ ಕಾಲಕ್ಕೆ ಅಲ್ಲಿ ಊರು, ಗದ್ದೆ, ತೋಟಗಳಿದ್ದವು. ಬೆಂಕಿಕಡ್ಡಿಯೂ ಆಗ ಇರಲಿಲ್ಲ, ಚಕಮಕಿ ಕೊಡಿ. ಜೋಗದಲ್ಲಿ ಹೊಳೆ 253 ಮೀಟರ್ ಕೆಳಕ್ಕೆ ಬೀಳುತ್ತದೆ, ಅದರ ತುಂತುರು ದೂರದವರೆಗೂ ಹಾರುತ್ತದೆ. ನಿಮ್ಮವರು ಅದರ ಎದುರು ನಿಂತು ಸೌಂದರ್ಯ ಸವಿಯುತ್ತಾರೆ! ಕರಡಿಗೆ ಹೊತ್ತವನು ಅಲ್ಲಿಂದ ಓಡಬೇಕು. ಗೇರುಸೊಪ್ಪೆಯಿಂದ ಮುಂದೆ ದೋಣಿ, ನಾಲ್ಕೂ ಕಡೆ ನೀರು. ಒಂದೊಂದು ಹುಟ್ಟಿನ ಹೊಡೆತವನ್ನೂ ನಿಧಾನವಾಗಿ ಬರೆಯಿರಿ.

ಕೊನೆಯ ವಿಷಯ, ಎಲ್ಲಕ್ಕಿಂತ ಮುಖ್ಯವಾದದ್ದು. ಸಮುದ್ರಕ್ಕೆ ಎಸೆದರೆ ಮುಗಿಯಿತು ಎಂದುಕೊಂಡಿದ್ದೀರಿ. ಯಾದವರು ಶಾಪದ ಒನಕೆಯನ್ನು ಅರೆದು ಸಮುದ್ರಕ್ಕೇ ಹಾಕಿಸಿದ್ದರು. ಪುಡಿ ದಡದಲ್ಲಿ ಜೊಂಡಾಗಿ ಬೆಳೆದು ಅವರನ್ನೇ ಕೊಂದಿತು, ಉಳಿದ ಚೂರು ಕೃಷ್ಣನನ್ನು ಕೊಂದ ಬೇಡ ಜರನ ಬಾಣದ ಮೊನೆಯಾಯಿತು. ನಿಮ್ಮ ಕರಡಿಗೆಯ ಕಟ್ಟಳೆಯ ಪ್ರಕಾರ, ಅದು ಕಡಲಿಗೆ ಮುಳುಗಿದರೆ ಹೊತ್ತವನ ತಲೆಯಲ್ಲಿ ಯಾರ ಹೆಸರೂ ಉಳಿಯಬಾರದು. ಹಾಗಾದರೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅದನ್ನು ಕೈಗೆತ್ತಿಕೊಳ್ಳುವವರು ಯಾರು? ಹುಡುಗನೇ, ಆ ಅಪ್ಪನೇ? ಇದನ್ನು ಮೊದಲು ನಿರ್ಧರಿಸಿ, ಆಮೇಲೆ ಮೊದಲ ಅಧ್ಯಾಯಕ್ಕೆ ಕೈ ಹಾಕಿ. ತಿದ್ದಿದ ಅಧ್ಯಾಯ 2500 ಪದದೊಳಗಿದ್ದು ಕರಡಿಗೆಯ ಕಟ್ಟಳೆ ಮೊದಲೆರಡು ಪುಟದಲ್ಲೇ ತಿಳಿಯುವಂತಿದ್ದರೆ ಕಳಿಸಿಕೊಡಿ, ಓದಲು ಕಾದಿರುತ್ತೇವೆ.

— ಸಂ.